ನಾನು ಎಳೆದ ಗೆರೆಯ ಮೇಲೇ ನಡೆದ ಬಿರುಕು

ನೀವು ಇಷ್ಟು ವರ್ಷ ಮಾಡಿದ ಕೆಲಸ ಏನು ಎಂದು ಕಳೆದ ತಿಂಗಳು ಒಬ್ಬರು ಕೇಳಿದ್ದರು. "ವಸ್ತುಗಳನ್ನು ಕಂಪ್ಯೂಟರಿನೊಳಗೆ ಒಡೆಯುವುದು" ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದಿದ್ದೆ. ಆಮೇಲೆ ಬಂದ ಕಾಗದಗಳೆಲ್ಲ ಒಡೆದದ್ದರ ಬಗ್ಗೆಯೇ! ಗಾಜು, ಕಲ್ಲು, ಉಕ್ಕು, ಕೊನೆಗೆ ತೆಂಗಿನಕಾಯಿ ಕೂಡ. ನಾಲ್ಕನ್ನು ಆರಿಸಿದ್ದೇನೆ. ಎಂಜಿನಿಯರಿಂಗ್ ಹುಡುಗನ ಪ್ರಶ್ನೆಗೆ ಜಾಗ ಜಾಸ್ತಿ ಹೋಯಿತು, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಕಚೇರಿಯ ಗಾಜಿನ ಬಾಗಿಲಿನ ಅಂಚಿಗೆ ನೆಲ ಒರೆಸುವಾಕೆಯ ಬಕೆಟ್ ತಗುಲಿತು. ಇಡೀ ಬಾಗಿಲು ಕಲ್ಲುಸಕ್ಕರೆಯ ಹಾಗೆ ಉದುರಿಬಿತ್ತು. ಮನೆಯ ಕಿಟಕಿ ಗಾಜು ಒಡೆದರೆ ಕತ್ತಿಯಂಥ ನಾಲ್ಕೈದು ಚೂರು ಅಷ್ಟೆ. ಅಷ್ಟು ದಪ್ಪದ ಗಾಜು ಬಕೆಟ್ಟಿಗೆ ಒಡೆಯುತ್ತದೆಯೇ? ಆಕೆಯ ಸಂಬಳದಲ್ಲಿ ದುಡ್ಡು ಹಿಡಿಯುವ ಮಾತು ನಡೆದಿದೆ.
— ಗುಮಾಸ್ತರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಆ ಮಾತು ನಿಲ್ಲಿಸಿ. ಬಾಗಿಲನ್ನು ಒಡೆದ ಶಕ್ತಿ ಬಕೆಟ್ಟಿನದ್ದಲ್ಲ, ಗಾಜಿನೊಳಗೇ ಇದ್ದದ್ದು.

ನಿಮ್ಮ ಬಾಗಿಲಿನದು ಟಫನ್ಡ್ ಗಾಜು. ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ಜೋರಾಗಿ ಗಾಳಿ ಊದಿ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗುತ್ತಾ ಹೊರಮೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೊನೆಗೆ ಹೊರಮೈ ಅದುಮಿಕೊಂಡಿರುತ್ತದೆ, ಒಳಭಾಗ ಬಿಗಿದುಕೊಂಡಿರುತ್ತದೆ. ಆ ಅದುಮು ಸುಮಾರು 100 ಮೆಗಾಪ್ಯಾಸ್ಕಲ್. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಒಂದು ಟನ್ ಇಟ್ಟಷ್ಟು. ಅದಕ್ಕೇ ಗೀರು ಬಿದ್ದರೂ ಬಾಯಿ ಬಿಡುವುದಿಲ್ಲ, ನೀವು ಕೈಯಿಂದ ಗುದ್ದಿದರೂ ಜಪ್ಪಯ್ಯ ಅನ್ನುವುದಿಲ್ಲ.

ಆದರೆ ಒಂದೇ ಒಂದು ಬಿರುಕು ಆ ಅದುಮಿನ ಪದರ ದಾಟಿ ಒಳಗಿನ ಬಿಗಿತಕ್ಕೆ ತಲುಪಿತೋ, ಮುಗಿಯಿತು. ಅಂಚಿನಲ್ಲಿ ಹಾಗಾಗುವುದು ಸುಲಭ. ಗಾಜಿನಲ್ಲಿ ಬಿರುಕು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಎರಡು ಮೀಟರ್ ಬಾಗಿಲಿನ ಒಂದು ತುದಿಯಿಂದ ಇನ್ನೊಂದಕ್ಕೆ ಒಂದೂವರೆ ಮಿಲಿಸೆಕೆಂಡೂ ಬೇಡ. ಕಣ್ಣು ಮಿಟುಕಿಸಲು ಅದರ ನೂರರಷ್ಟು ಹೊತ್ತು ಬೇಕು. ಇನ್ನೂ ಜೋರಾಗಿ ಓಡಲು ಬಿರುಕಿಗೆ ಆಗುವುದಿಲ್ಲ, ಅದಕ್ಕೂ ಒಂದು ಮಿತಿ ಇದೆ. ಒಳಗೆ ಶಕ್ತಿ ಮಾತ್ರ ಬೇಕಾದಷ್ಟು ಉಳಿದಿರುತ್ತದೆ. ಅದಕ್ಕೆ ಬಿರುಕು ಕವಲೊಡೆಯುತ್ತದೆ. ಕವಲಿಗೆ ಕವಲು, ಅದಕ್ಕೆ ಇನ್ನೊಂದು. ಅದೇ ನಿಮ್ಮ ಕಲ್ಲುಸಕ್ಕರೆ. ಕಿಟಕಿಯ ಸಾದಾ ಗಾಜಿನಲ್ಲಿ ಈ ಕೂಡಿಟ್ಟ ಶಕ್ತಿ ಇಲ್ಲ, ಹಾಗಾಗಿ ನಾಲ್ಕೈದು ಚೂರಿಗೇ ಆಟ ಮುಗಿಯುತ್ತದೆ.

ಒಮ್ಮೊಮ್ಮೆ ಯಾರೂ ಮುಟ್ಟದೆಯೂ ಇಂಥ ಬಾಗಿಲು ಸಿಡಿಯುವುದುಂಟು. ಗಾಜು ಮಾಡುವಾಗ ಸೇರಿಕೊಂಡ ನಿಕಲ್ ಸಲ್ಫೈಡಿನ ಒಂದು ಕಣ ವರ್ಷಗಟ್ಟಲೆ ಮೆಲ್ಲಗೆ ಉಬ್ಬುತ್ತಾ ಇದ್ದು, ಒಂದು ದಿನ ಒಳಗಿನಿಂದಲೇ ಸೀಳುತ್ತದೆ. ಇದನ್ನೂ ನಿಮ್ಮ ಮ್ಯಾನೇಜರಿಗೆ ತೋರಿಸಿ.

ಪ್ರಶ್ನೆ: ಮೇಡಂ, ನಾನು ಮೆಕ್ಯಾನಿಕಲ್ ಕೊನೆಯ ವರ್ಷ. ಪ್ರಾಜೆಕ್ಟಿಗೆ ಕಾಲ್ಟ್‌ಹಾಫ್ ಪರೀಕ್ಷೆಯ ಸಿಮ್ಯುಲೇಶನ್ ತೆಗೆದುಕೊಂಡಿದ್ದೇನೆ. ಉಕ್ಕಿನ ತಗಡು, ಅಂಚಿನಲ್ಲಿ ಎರಡು ಕಚ್ಚು, ಅವೆರಡರ ನಡುವೆ ಗುಂಡಿನ ಹೊಡೆತ. ತಗಡನ್ನು ಸಣ್ಣ ಸಣ್ಣ ಚೌಕಗಳಾಗಿ (ಎಲಿಮೆಂಟ್) ವಿಂಗಡಿಸಿ, ಸ್ಟ್ರೇನ್ (ಎಳೆತಕ್ಕೆ ಆದ ಹಿಗ್ಗು) ಒಂದು ಮಿತಿ ದಾಟಿದ ಎಲಿಮೆಂಟನ್ನು ಅಳಿಸುವ ಹಾಗೆ ಮಾಡಿದ್ದೇನೆ. 2 ಮಿ.ಮೀ. ಚೌಕಗಳ ಬಲೆ, ಅಂದರೆ ಮೆಶ್, ಹಾಕಿದರೆ ಬಿರುಕು ನೇರ ಹೋಗುತ್ತೆ. 1 ಮಿ.ಮೀ. ಹಾಕಿದರೆ ಮೆಟ್ಟಿಲಿನ ಹಾಗೆ ಹೋಗುತ್ತೆ. 0.5 ಹಾಕಿದರೆ ತಗಡು ಇನ್ನೂ ಬೇಗ ಹರಿದುಹೋಗುತ್ತೆ. ಗೈಡ್ "ಮೆಶ್ ಇನ್ನೂ ಸಣ್ಣ ಮಾಡು" ಅಂತಾರೆ. ಸಣ್ಣ ಮಾಡಿದಷ್ಟೂ ಬೇರೆ ಬೇರೆ ಉತ್ತರ. ರಿಪೋರ್ಟಿಗೆ ಯಾವುದನ್ನು ಹಾಕಲಿ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಕಾಗದ ಓದಿ ನನಗೆ 1996 ನೆನಪಾಯಿತು. ಆಗ ಬೆಂಗಳೂರಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳು. ತಿರುಗುವ ಯಂತ್ರದ ಮೇಲಿನ ಒಂದು ಮುಚ್ಚಳ, ಒಳಗಿನಿಂದ ಚೂರೊಂದು ಹಾರಿಬಂದು ಬಡಿದರೆ ಹೇಗೆ ಬಿರಿಯುತ್ತದೆ ಎಂದು ಲೆಕ್ಕ ಹಾಕಬೇಕಿತ್ತು. ರಾತ್ರಿಯಿಡೀ ಕಂಪ್ಯೂಟರ್ ಓಡಿತು. ಬೆಳಿಗ್ಗೆ ನೋಡಿದರೆ ಬಿರುಕು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಎಡದಿಂದ ಬಲಕ್ಕೆ ಹೋಗಿದೆ. ನನಗೋ ಹಿಗ್ಗೋ ಹಿಗ್ಗು. ಬಣ್ಣದ ಪ್ರಿಂಟ್ ತೆಗೆದುಕೊಂಡು ಹೋಗಿ ಹಿರಿಯರೊಬ್ಬರ ಮೇಜಿನ ಮೇಲಿಟ್ಟೆ. ನಿವೃತ್ತಿಗೆ ಎರಡು ವರ್ಷ ಇದ್ದವರು. ಅವರು ಕಾಗದವನ್ನು ಸ್ವಲ್ಪ ತಿರುಗಿಸಿ ನೋಡಿದರು. "ಚೆನ್ನಾಗಿದೆಯಮ್ಮ. ಈಗ ನಿನ್ನ ಚೌಕಗಳನ್ನೆಲ್ಲ ಮೂವತ್ತು ಡಿಗ್ರಿ ಓರೆ ಮಾಡಿ ಮತ್ತೆ ಓಡಿಸು" ಅಂದರು.

ಓಡಿಸಿದೆ. ಬಿರುಕೂ ಮೂವತ್ತು ಡಿಗ್ರಿ ಓರೆಯಾಯಿತು!

ಹೊಡೆತ ಅದೇ, ಲೋಹ ಅದೇ, ಅಳತೆ ಅದೇ. ಬದಲಾಗಿದ್ದು ನಾನು ಹಾಕಿದ ಚೌಕಗಳ ದಿಕ್ಕು ಮಾತ್ರ. ಅಂದರೆ ಹಿಂದಿನ ರಾತ್ರಿ ಕಂಪ್ಯೂಟರ್ ಬಿರುಕಿನ ದಾರಿ ಹುಡುಕಿರಲೇ ಇಲ್ಲ. ನಾನು ಎಳೆದ ಗೆರೆಯನ್ನೇ ನನಗೆ ಬಣ್ಣ ಹಚ್ಚಿ ವಾಪಸ್ ಕೊಟ್ಟಿತ್ತು. ಆಮೇಲೆ ನಿಜವಾದ ಮುಚ್ಚಳ ಒಡೆದು ನೋಡಿದಾಗ ಬಿರುಕು ಮೂರು ಕವಲಾಗಿತ್ತು. ನನ್ನ ಎರಡು ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಈಗ ನಿಮ್ಮ ತಗಡಿಗೆ ಬರೋಣ. ಒಳ್ಳೆಯ ಪರೀಕ್ಷೆಯನ್ನೇ ಆರಿಸಿದ್ದೀರಿ. ಜರ್ಮನಿಯ ಕಾಲ್ಟ್‌ಹಾಫ್ ಮತ್ತು ವಿಂಕ್ಲರ್ 1980ರ ದಶಕದಲ್ಲಿ ಮಾಡಿದ್ದು. ಮಾರೇಜಿಂಗ್ ಎಂಬ ತುಂಬಾ ಗಟ್ಟಿ ಜಾತಿಯ ಉಕ್ಕಿನ ತಗಡು. ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ ಹಂತದ ಕವಚ ಮಾಡುವುದೂ ಇದೇ ಜಾತಿಯ ಉಕ್ಕಿನಿಂದ. ಕಚ್ಚುಗಳ ಉದ್ದ 50 ಮಿ.ಮೀ. ಹೊಡೆತ ಬಿದ್ದ ಕೂಡಲೇ ಕಚ್ಚಿನ ತುದಿಗೆ ಏನೂ ಗೊತ್ತಾಗುವುದಿಲ್ಲ. ಸುದ್ದಿ ಮುಟ್ಟಬೇಕು. ಉಕ್ಕಿನಲ್ಲಿ ಆ ಸುದ್ದಿ, ಅಂದರೆ ಒತ್ತಡದ ಅಲೆ, ಸೆಕೆಂಡಿಗೆ ಐದೂವರೆ ಸಾವಿರ ಮೀಟರಿನಷ್ಟು ವೇಗದಲ್ಲಿ ಹೋಗುತ್ತದೆ. 50 ಮಿ.ಮೀ. ದಾಟಲು ಸುಮಾರು 9 ಮೈಕ್ರೊಸೆಕೆಂಡ್. ಆಗ ಕಚ್ಚಿನ ಒಂದು ಪಕ್ಕ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಇನ್ನೊಂದು ಪಕ್ಕ ಇನ್ನೂ ಸುಮ್ನೆ ನಿಂತಿರುತ್ತದೆ. ತುದಿ ಕತ್ತರಿಗೆ ಸಿಕ್ಕಿದಂತಾಗುತ್ತದೆ. ಬಿರುಕು ನೇರವಾಗಿ ಹೋಗುವುದಿಲ್ಲ, ಸುಮಾರು 70 ಡಿಗ್ರಿ ತಿರುಗಿ ಹೊರಡುತ್ತದೆ. ನಿಮ್ಮ ಚಿತ್ರದಲ್ಲಿ ಅದು ನೇರ ಹೋಗಿದ್ದರೆ ಚಿತ್ರವೇ ತಪ್ಪು.

ಇಲ್ಲೊಂದು ಸಣ್ಣ ವಿಚಾರ. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಅಂಚಿಗೆ ಕೊಡುವ ವೇಗ ಸೆಕೆಂಡಿಗೆ 16.5 ಮೀಟರ್, ಗಂಟೆಗೆ 60 ಕಿ.ಮೀ. ಹತ್ತಿರ. ನಮ್ಮ ಕೆಂಪು ಬಸ್ಸಿನ ವೇಗ ಅನ್ನಿ. ಗುಂಡಿನ ವೇಗ ಇದರ ಎರಡರಷ್ಟು. ಗುಂಡೂ ತಗಡೂ ಒಂದೇ ಬಗೆಯ ಲೋಹ ಆದದ್ದರಿಂದ ಅಂಚಿಗೆ ಅರ್ಧ ವೇಗ ಮಾತ್ರ ಸಿಗುತ್ತದೆ. ನೀವು ಗುಂಡಿನ ವೇಗವನ್ನೇ ತಗಡಿನ ಅಂಚಿಗೆ ಹಾಕಿಬಿಟ್ಟಿದ್ದೀರಾ, ಒಮ್ಮೆ ನೋಡಿ. ಈ ತಪ್ಪನ್ನು ನಾನೂ ಮಾಡಿದ್ದೇನೆ.

ಇನ್ನು ಮೆಶ್ ಸಣ್ಣ ಮಾಡಿದಷ್ಟೂ ತಗಡು ಬೇಗ ಹರಿಯುವ ವಿಷಯ. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನಗಳ ಸಂಶೋಧನಾ ಕೇಂದ್ರ ಇತ್ತು. ಅಲ್ಲಿದ್ದ ಗ್ರಿಫಿತ್ 1921ರಲ್ಲಿ ಗಾಜಿನ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅದರ ತಿರುಳು ಇಷ್ಟು: ಬಿರುಕು ಮುಂದೆ ಹೋಗಬೇಕಾದರೆ ಹೊಸ ಮೈ ತೆರೆಯಬೇಕು, ತೆರೆದ ಮೈಗೆ ಶಕ್ತಿಯ ರೂಪದಲ್ಲಿ ಬೆಲೆ ಕೊಡಬೇಕು. ಸೈಟು ಕೊಂಡ ಹಾಗೆ, ಚದರಡಿ ಲೆಕ್ಕ. ನಿಮ್ಮ ಉಕ್ಕಿಗೆ ಆ ದರ ಚದರ ಮೀಟರಿಗೆ 22,000 ಜೌಲ್ ಹತ್ತಿರ. ಒಂದು ಚದರ ಸೆಂಟಿಮೀಟರ್ ಸೀಳಲು 2.2 ಜೌಲ್. ಒಂದು ಕಿಲೋ ಸಕ್ಕರೆ ಪೊಟ್ಟಣ ಒಂದು ಗೇಣು ಎತ್ತರದಿಂದ ಬಿದ್ದಷ್ಟು. ಗಾಜಿನ ದರ ಇದರ ಸಾವಿರದಲ್ಲಿ ಒಂದು ಪಾಲೂ ಇಲ್ಲ.

ನೀವು ಮಾಡಿದ್ದೇನು? ಸ್ಟ್ರೇನ್ ಇಷ್ಟಾದರೆ ಎಲಿಮೆಂಟ್ ಅಳಿಸು ಅಂದಿರಿ. ಅಲ್ಲಿಗೆ ಬೆಲೆ ಚದರಡಿಯಿಂದ ಘನ ಅಡಿಗೆ ಹೋಯಿತು. ಎಲಿಮೆಂಟಿನ ಅಗಲ ಅರ್ಧ ಮಾಡಿದರೆ ಅದೇ ಉದ್ದದ ಬಿರುಕಿಗೆ ಅರ್ಧ ಬೆಲೆ. ಇನ್ನೂ ಅರ್ಧ ಮಾಡಿದರೆ ಕಾಲು. ಹೀಗೇ ಸಣ್ಣ ಮಾಡುತ್ತಾ ಹೋದರೆ ತಗಡು ಪುಕ್ಕಟೆಯಾಗಿ ಒಡೆಯುತ್ತದೆ. ನಿಮ್ಮ ಗೈಡ್ ಹೇಳಿದ್ದು ಬೇರೆ ಲೆಕ್ಕಗಳಿಗೆ ಸರಿಯಾದ ಮಾತೇ. ಬಾಗುವ ತೊಲೆಗೆ ಮೆಶ್ ಸಣ್ಣ ಮಾಡಿದಷ್ಟೂ ಉತ್ತರ ಒಂದು ಕಡೆ ಬಂದು ನಿಲ್ಲುತ್ತದೆ. ನೀವು ಬರೆದ ನಿಯಮದಲ್ಲಿ ಹಾಗೆ ನಿಲ್ಲಲು ಜಾಗವೇ ಇಲ್ಲ. ಜೊತೆಗೆ ಅಳಿಸಿದ ಎಲಿಮೆಂಟಿನ ತೂಕವೂ ಮಾಯ. ವೇಗದ ಹೊಡೆತದಲ್ಲಿ ತೂಕ ಕಳೆದರೆ ಲೆಕ್ಕವೇ ಕೆಡುತ್ತದೆ.

ಮೆಟ್ಟಿಲಿನ ಕಾಯಿಲೆ ಬೇರೆ. ಚೌಕದ ಮೆಶ್‌ನಲ್ಲಿ ಬಿರುಕು ಅಡ್ಡ ಇಲ್ಲವೇ ಉದ್ದ ಮಾತ್ರ ನಡೆಯಬಲ್ಲದು. 70 ಡಿಗ್ರಿ ಹೋಗಬೇಕಾದರೆ ಮೆಟ್ಟಿಲು ಹತ್ತುತ್ತದೆ. ಆಗ ದಾರಿ ಶೇಕಡ 28 ಉದ್ದವಾಗುತ್ತದೆ, 45 ಡಿಗ್ರಿ ಆದರೆ ಶೇಕಡ 41. ದಾರಿ ಉದ್ದವಾದರೆ ಬೆಲೆ ಜಾಸ್ತಿ. ಇದು ಮೆಶ್ ಎಷ್ಟೇ ಸಣ್ಣ ಮಾಡಿದರೂ ಕಡಿಮೆಯಾಗುವುದಿಲ್ಲ! ದೊಡ್ಡ ಮೆಟ್ಟಿಲು ಹೋಗಿ ಸಣ್ಣ ಮೆಟ್ಟಿಲು ಬರುತ್ತದೆ, ಹತ್ತುವ ದೂರ ಅಷ್ಟೇ.

ಹಾಗಾದರೆ ಏನು ಮಾಡುವುದು? ದಾರಿ ಹಲವು. 1994ರಲ್ಲಿ ಸಂಶೋಧಕರಾದ ಷು ಮತ್ತು ನೀಡಲ್‌ಮನ್ ಎಲಿಮೆಂಟುಗಳ ನಡುವಿನ ಪ್ರತಿ ಅಂಚಿಗೂ ಗೋಂದು ಹಚ್ಚಿದಂತೆ ಒಂದು ಎಳೆತದ ನಿಯಮ ಹಾಕಿದರು. ಅಂಚು ಬಿಟ್ಟುಕೊಳ್ಳಲು ಬೇಕಾದ ಶಕ್ತಿ ಚದರ ಲೆಕ್ಕದಲ್ಲೇ ಇರುತ್ತದೆ. ಬೆಲೆಯ ತೊಂದರೆ ಹೋಯಿತು. ಆದರೆ ಬಿರುಕು ಅಂಚಿನ ಮೇಲೇ ನಡೆಯಬೇಕು, ಹಾಗಾಗಿ ದಾರಿಯ ತೊಂದರೆ ಉಳಿಯಿತು. 1999ರ ಹೊತ್ತಿಗೆ ಬೆಲಿಚ್ಕೊ ಮತ್ತು ಸಂಗಡಿಗರು ಎಲಿಮೆಂಟಿನ ಹೊಟ್ಟೆ ಸೀಳಿಕೊಂಡೇ ಬಿರುಕು ಹೋಗುವ ವಿಧಾನ ತಂದರು. ಒಂದು ಬಿರುಕಿಗೆ ಅದು ಸೊಗಸು, ಕವಲುಗಳು ಶುರುವಾದರೆ ತಲೆನೋವು. 2000ದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಸಿಲ್ಲಿಂಗ್ ಮೆಶ್ಶನ್ನೇ ಪಕ್ಕಕ್ಕಿಟ್ಟರು. ವಸ್ತುವನ್ನು ಬಿಂದುಗಳ ಗುಂಪು ಎಂದು ಭಾವಿಸಿ, ಪ್ರತಿ ಬಿಂದುವನ್ನೂ ಸುತ್ತಮುತ್ತಲಿನವಕ್ಕೆ ದಾರ ಕಟ್ಟಿದಂತೆ ಜೋಡಿಸಿ, ಜಾಸ್ತಿ ಎಳೆದ ದಾರ ಹರಿಯಲಿ ಎಂದರು. ಪೆರಿಡೈನಮಿಕ್ಸ್ ಅಂದರೆ ಇದೇ. ಕವಲು ತಾನಾಗಿ ಬರುತ್ತದೆ. ಲ್ಯಾಪ್‌ಟಾಪ್ ಮಾತ್ರ ಕಾದ ಕಾವಲಿ ಆಗುತ್ತದೆ.

ನಿಮಗೆ ನನ್ನ ಸಲಹೆ ಫೇಸ್ ಫೀಲ್ಡ್. ಇದರಲ್ಲಿ ಬಿರುಕನ್ನು ಗೆರೆಯಾಗಿ ಹಿಡಿಯುವುದಿಲ್ಲ, ಒದ್ದೆ ಬಟ್ಟೆಯ ಮೇಲೆ ಶಾಯಿ ಹರಡಿದಂತೆ ಒಂದು ಸಣ್ಣ ಪಟ್ಟಿಯಾಗಿ ಹಿಡಿಯುತ್ತಾರೆ. ಪ್ರತಿ ಜಾಗಕ್ಕೂ ಒಂದು ಅಂಕಿ. ಸೊನ್ನೆ ಎಂದರೆ ಗಟ್ಟಿ, ಒಂದು ಎಂದರೆ ಪೂರ್ತಿ ಒಡೆದಿದೆ. ಒಟ್ಟು ಶಕ್ತಿಯ ಲೆಕ್ಕ ಗ್ರಿಫಿತ್ ಹೇಳಿದ ಹಾಗೇ. ದಾರಿ ಎಲ್ಲಿ ಎಂದು ನೀವು ಹೇಳಬೇಕಿಲ್ಲ. ಆದರೆ ಶಾಯಿಯ ಪಟ್ಟಿಯ ಅಗಲದೊಳಗೆ ನಾಲ್ಕೈದು ಎಲಿಮೆಂಟಾದರೂ ಇರಬೇಕು, ಇಲ್ಲದಿದ್ದರೆ ಹಳೇ ಕಥೆ.

ಎಷ್ಟು ಸಣ್ಣ ಸಾಕು ಎಂಬುದಕ್ಕೆ ಒಂದು ಅಂದಾಜು ಕೊಡುತ್ತೇನೆ. ಉಕ್ಕಿನ ಎಲಾಸ್ಟಿಕ್ ಮಾಡ್ಯುಲಸ್, ಅಂದರೆ ಎಳೆದರೆ ಹಿಗ್ಗದೆ ಎಷ್ಟು ಬಿಗಿಯಾಗಿರುತ್ತದೆ ಎಂಬ ಅಳತೆ, 190 ಗಿಗಾಪ್ಯಾಸ್ಕಲ್. ಅದನ್ನು ಆ 22,000ದಿಂದ ಗುಣಿಸಿ, ಉಕ್ಕಿನ ಬಲದ ವರ್ಗದಿಂದ ಭಾಗಿಸಿ. ಬಲ ಸುಮಾರು 2 ಗಿಗಾಪ್ಯಾಸ್ಕಲ್ ಎಂದುಕೊಂಡರೆ ಬರುವುದು ಒಂದು ಮಿಲಿಮೀಟರ್. ಬಿರುಕಿನ ತುದಿಯಲ್ಲಿ ನಿಜವಾಗಿ ಹರಿಯುವ ಕೆಲಸ ನಡೆಯುವ ಜಾಗ ಇಷ್ಟೇ. ನೀವು 2 ಮಿ.ಮೀ. ಚೌಕ ಹಾಕಿದ್ದೀರಿ. ಆನೆ ಹಿಡಿಯುವ ಬಲೆಯಲ್ಲಿ ಸೊಳ್ಳೆ ಹಿಡಿಯಲು ಹೋದಂತಾಯಿತು, ಅಲ್ವಾ? ಬಿರುಕು ಹೋಗುವ ಭಾಗದಲ್ಲಿ 0.25ಕ್ಕೆ ಇಳಿಯಿರಿ, ಉಳಿದ ಕಡೆ ದೊಡ್ಡದಿರಲಿ. ಎರಡು ಆಯಾಮದಲ್ಲಿ ಮೆಶ್ ಅರ್ಧ ಮಾಡಿದರೆ ಎಲಿಮೆಂಟು ನಾಲ್ಕು ಪಟ್ಟು. ಲೆಕ್ಕ ಒಂದೊಂದು ಸಲಕ್ಕೆ ಮುಂದಿಡುವ ಕಾಲದ ಹೆಜ್ಜೆಯೂ ಅರ್ಧವಾಗಬೇಕು, ಏಕೆಂದರೆ ಒಂದು ಹೆಜ್ಜೆಯಲ್ಲಿ ಅಲೆ ಒಂದು ಎಲಿಮೆಂಟನ್ನು ದಾಟಬಾರದು. ಒಟ್ಟು ಎಂಟು ಪಟ್ಟು ಹೊತ್ತು. ತಗಡಿನ ಮೇಲರ್ಧವನ್ನು ಮಾತ್ರ ತೆಗೆದುಕೊಳ್ಳಿ, 100 ಮೈಕ್ರೊಸೆಕೆಂಡ್ ಓಡಿಸಿದರೆ ಸಾಕು.

ಒಂದು ಎಚ್ಚರಿಕೆ. ಹೊಡೆತದ ವೇಗ ಏರಿಸಿ ಏನಾಗುತ್ತದೆ ನೋಡೋಣ ಅನ್ನಿಸುತ್ತದೆ, ಈಗಲೇ ಬೇಡ. ಕಾಲ್ಟ್‌ಹಾಫ್ ಕಂಡದ್ದು ನಾವು ಎಣಿಸುವುದಕ್ಕೆ ತಿರುಗಾಮುರುಗಾ. ವೇಗ ಏರಿಸಿದಾಗ ಆ 70 ಡಿಗ್ರಿಯ ಬಿರುಕು ಹೋಗಿ, ಕಚ್ಚಿನ ಮುಂದಕ್ಕೆ ಹೆಚ್ಚುಕಡಿಮೆ ನೇರವಾಗಿ ಉಕ್ಕು ಜಾರಿಕೊಂಡಿತು. ಜಾರುವ ಕಡೆ ಹುಟ್ಟಿದ ಬಿಸಿ ಹೊರಗೆ ಹರಿದುಹೋಗಲು ಹೊತ್ತೇ ಸಿಗುವುದಿಲ್ಲ, ಅಲ್ಲಿ ಲೋಹ ಮೆತ್ತಗಾಗುತ್ತದೆ, ಮೆತ್ತಗಾದಲ್ಲೇ ಇನ್ನೂ ಜಾರುತ್ತದೆ. ನಿಮ್ಮ ಲೆಕ್ಕದಲ್ಲಿ ಬಿಸಿಯ ಸಮೀಕರಣವೇ ಇಲ್ಲದಿದ್ದರೆ ಕಂಪ್ಯೂಟರಿಗೆ ಇದು ಹೊಳೆಯುವುದು ಹೇಗೆ?

ರಿಪೋರ್ಟಿಗೆ ಯಾವುದು ಹಾಕಲಿ ಎಂದಿರಿ. ಮೂರೂ ತಪ್ಪು ಚಿತ್ರಗಳನ್ನು ಹಾಕಿ. ಪಕ್ಕದಲ್ಲಿ ಎಲಿಮೆಂಟಿನ ಅಳತೆಗೆ ಎದುರಾಗಿ ಒಡೆಯಲು ಹಿಡಿದ ಶಕ್ತಿಯ ಗ್ರಾಫ್ ಹಾಕಿ, ಅದು ಸೊನ್ನೆಯ ಕಡೆ ಇಳಿಯುವುದನ್ನು ತೋರಿಸಿ. ಆಮೇಲೆ ಹೊಸ ಲೆಕ್ಕ, ಅದರಲ್ಲೂ ಮೆಶ್ ಓರೆ ಮಾಡಿದ್ದೊಂದು, ಮಾಡದ್ದೊಂದು. ಎರಡರಲ್ಲೂ ಬಿರುಕು 70ರ ಆಸುಪಾಸಿನಲ್ಲೇ ಬಂದರೆ ವೈವಾದಲ್ಲಿ ಯಾರಿಗೂ ಹೆದರಬೇಕಿಲ್ಲ.

ಪ್ರಶ್ನೆ: ನಮ್ಮಪ್ಪ ಕಲ್ಲು ಕೆಲಸದವರು. ಸಾಲಾಗಿ ಗುಳಿ ಹೊಡೆದು, ಬೆಣೆ ಇಟ್ಟು, ಒಂದೊಂದಕ್ಕೂ ಸುತ್ತಿಗೆಯ ಏಟು ಹಾಕುತ್ತಾ ಹೋದರೆ ಬಂಡೆ ಹಲಗೆ ಕೊಯ್ದ ಹಾಗೆ ಎರಡಾಗುತ್ತದೆ. ಪಕ್ಕದ ಕ್ವಾರಿಯಲ್ಲಿ ಸಿಡಿಮದ್ದು ಇಟ್ಟರೆ ಅದೇ ಬಂಡೆ ಜಲ್ಲಿ. ಕಂಪ್ಯೂಟರಿಗೆ ಈ ವ್ಯತ್ಯಾಸ ತಿಳಿಯುತ್ತದೆಯೇ?
— ಓದುಗರು, ಚಾಮರಾಜನಗರ ಜಿಲ್ಲೆ

ಉತ್ತರ: ತಿಳಿಯುತ್ತದೆ, ಆದರೆ ಅಪ್ಪನಿಗೆ ತಿಳಿದಷ್ಟಲ್ಲ.

ಮೇಲೆ ಸುದ್ದಿ ಮುಟ್ಟುವ ಮಾತು ಬಂತಲ್ಲ, ಇಲ್ಲೂ ಅದೇ. ನಿಮ್ಮಪ್ಪ ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಒಂದು ಸೆಕೆಂಡ್ ಬಿಡುತ್ತಾರೆ ಅನ್ನಿ. ಕಲ್ಲಿನ ಲೆಕ್ಕದಲ್ಲಿ ಅದು ಯುಗ. ಅಷ್ಟರಲ್ಲಿ ಅಲೆ ಬಂಡೆಯೊಳಗೆ ನೂರಾರು ಸಲ ಓಡಾಡಿ ತಣ್ಣಗಾಗಿರುತ್ತದೆ. ಸಾಲಿನಲ್ಲಿ ಎಲ್ಲೋ ಒಂದು ಕಡೆ ಬಿರುಕು ಹುಟ್ಟಿದರೆ ಅಕ್ಕಪಕ್ಕದ ಬಿಗಿತ ಸಡಿಲವಾಗುತ್ತದೆ, ಬೇರೆ ಬಿರುಕುಗಳು ಹುಟ್ಟುವ ಗೋಜಿಗೇ ಹೋಗುವುದಿಲ್ಲ. ಇದ್ದ ಶಕ್ತಿಯೆಲ್ಲ ಆ ಒಂದಕ್ಕೇ.

ಸಿಡಿಮದ್ದಿನಲ್ಲಿ ಹಾಗಲ್ಲ. ಕಲ್ಲಿನೊಳಗೆ ಸಾವಿರಾರು ಸಣ್ಣ ಹುಳುಕುಗಳು ಇದ್ದೇ ಇರುತ್ತವೆ. ಒಂದು ಬಾಯಿ ಬಿಟ್ಟ ಸುದ್ದಿ ಪಕ್ಕದ್ದಕ್ಕೆ ಮುಟ್ಟುವ ಮೊದಲೇ ಅದೂ ಬಾಯಿ ಬಿಟ್ಟಿರುತ್ತದೆ. ಹೊಡೆತ ಎಷ್ಟು ಬೇಗ ಏರುತ್ತದೋ ಅಷ್ಟು ಹತ್ತಿರ ಹತ್ತಿರ ಬಿರುಕು, ಅಷ್ಟು ಸಣ್ಣ ಜಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ನೆವಿಲ್ ಮಾಟ್ ಫಿರಂಗಿ ಗುಂಡಿನ ಚೂರುಗಳ ಗಾತ್ರ ಲೆಕ್ಕ ಹಾಕಿದ್ದು ಇದೇ ಯೋಚನೆಯಿಂದ. ಇನ್ನೊಂದು ಕಾರಣವೂ ಇದೆ. ಅದುಮುತ್ತಾ ಹೋದ ಅಲೆ ಬಂಡೆಯ ಹೊರಮೈ ಮುಟ್ಟಿ ಹಿಂದಿರುಗುವಾಗ ಎಳೆಯುವ ಅಲೆಯಾಗಿ ಬರುತ್ತದೆ. ಗ್ರಾನೈಟು ಅದುಮಿದರೆ ಹಠ ಹಿಡಿದು ನಿಲ್ಲುತ್ತದೆ, ಎಳೆದರೆ ಅದರ ಹತ್ತನೇ ಒಂದು ಪಾಲೂ ತಡೆಯುವುದಿಲ್ಲ. ಹಾಗಾಗಿ ಮದ್ದು ಇಟ್ಟ ಜಾಗದಿಂದ ದೂರದ ಮುಖದಲ್ಲೂ ಹಲ್ಲೆ ಹಲ್ಲೆಯಾಗಿ ಕಲ್ಲು ಬಿಡುತ್ತದೆ.

ಕಂಪ್ಯೂಟರಿನಲ್ಲಿ ಮಾಡುವಾಗ ಕಲ್ಲಿಗೆ ಎಲ್ಲ ಕಡೆ ಒಂದೇ ಬಲ ಕೊಟ್ಟರೆ ಉತ್ತರ ಸುಳ್ಳಾಗುತ್ತದೆ. ಅಲ್ಲಲ್ಲಿ ಹೆಚ್ಚುಕಡಿಮೆ ಬಲವನ್ನು ಚೀಟಿ ಎತ್ತಿದ ಹಾಗೆ ಹಂಚಬೇಕು. ಆಗ ಎಷ್ಟು ಪಾಲು ಜಲ್ಲಿ, ಎಷ್ಟು ಪಾಲು ದಪ್ಪ ಕಲ್ಲು ಎಂದು ಹೇಳಬಹುದು. ಈ ಬಂಡೆಯ ಈ ಮೂಲೆಯ ಚೂರು ಇಂಥ ಆಕಾರ ಎಂದು ಹೇಳಲಾಗದು. ನಿಮ್ಮಪ್ಪ ಬಂಡೆ ತಟ್ಟಿ, ಸದ್ದು ಕೇಳಿ, ಅದು ಯಾವ ದಿಕ್ಕಿಗೆ ಸುಲಭವಾಗಿ ಸೀಳುತ್ತದೆ ಎಂದು ಹೇಳುತ್ತಾರೆ ತಾನೇ? ಆ ಒಂದು ಮಾಹಿತಿ ಸಿಕ್ಕಿದ್ದರೆ ನನ್ನ ಎಷ್ಟೋ ರಾತ್ರಿಗಳು ಉಳಿಯುತ್ತಿದ್ದವು.

ನಮ್ಮ ನಾಡಿನಲ್ಲಿ ಇದು ಬರೀ ಜಲ್ಲಿಯ ಲೆಕ್ಕ ಆಗಿರಲಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದರು. ಅಷ್ಟು ಭಾರ ಹೊತ್ತ ಬಂಡೆ ಯಾರೂ ಹೊಡೆಯದೆ ತಾನೇ ಸಿಡಿಯುತ್ತಿತ್ತು. ಗಣಿ 2001ರಲ್ಲಿ ಮುಚ್ಚಿತು. ಬಂಡೆಗಳ ಅಧ್ಯಯನಕ್ಕೆಂದು 1988ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದು ಹುಟ್ಟಿಕೊಂಡದ್ದೂ ಅದೇ ಕೆಜಿಎಫ್‌ನಲ್ಲೇ.

ಪ್ರಶ್ನೆ: ದೇವರ ಮುಂದೆ ಕಾಯಿ ಒಡೆದರೆ ಒಮ್ಮೊಮ್ಮೆ ಸರಿಯಾಗಿ ಎರಡು ಹೋಳು, ಒಮ್ಮೊಮ್ಮೆ ವಕ್ರ ವಕ್ರ. ನಮ್ಮತ್ತೆ ಇದಕ್ಕೆ ಅರ್ಥ ಹೇಳುತ್ತಾರೆ. ನೀವೇನು ಹೇಳುತ್ತೀರಿ?
— ಗೃಹಿಣಿ, ತಿಪಟೂರು

ಉತ್ತರ: ಅತ್ತೆ ಹೇಳುವ ಅರ್ಥಕ್ಕೆ ನಾನು ಬರುವುದಿಲ್ಲ, ತಿಪಟೂರಿನವರಿಗೆ ಕಾಯಿ ಒಡೆಯುವುದು ಹೇಳಿಕೊಡುವಷ್ಟು ಧೈರ್ಯವೂ ನನಗಿಲ್ಲ. ಆದರೆ ಇಷ್ಟು ಗಮನಿಸಿ. ಈಡುಗಾಯಿಯನ್ನು ಬೀಸಿ ಕಲ್ಲಿಗೆ ಅಪ್ಪಳಿಸುತ್ತಾರೆ, ಅದು ಚೂರು ಚೂರು. ಅದು ಕ್ವಾರಿಯ ಸಿಡಿಮದ್ದಿನ ಕಡೆಯ ನೆಂಟ. ಪೂಜೆಯ ಕಾಯಿಗೆ ಕತ್ತಿಯ ಹಿಂಬದಿಯಿಂದ ನಡುವಿನಲ್ಲಿ ಏಟು ಹಾಕಿ, ಸ್ವಲ್ಪ ತಿರುಗಿಸಿ, ಮತ್ತೊಂದು ಏಟು. ಅದು ಚಾಮರಾಜನಗರದ ಆ ಅಪ್ಪನ ಬೆಣೆಯ ಸಾಲು. ಅವಸರ ಮಾಡಿ ಒಂದೇ ಏಟಿಗೆ ಮುಗಿಸಲು ಹೋದ ದಿನವೇ ವಕ್ರವಾಗುತ್ತದಾ, ಒಂದು ತಿಂಗಳು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ನನಗೆ ಬರೆಯಿರಿ. ನಮ್ಮ ಮನೆಯಲ್ಲಂತೂ ಹಬ್ಬದ ದಿನ ಅಡುಗೆ ತಡವಾದಾಗಲೇ ಕಾಯಿ ವಕ್ರ.